ಬೇಸಿಗೆಯಲ್ಲಿ ಹೊಸೆದ ಬತ್ತಿ, ದೀಪಾವಳಿಗೆ ಬರುವ ದುಡ್ಡು

ಊದುಬತ್ತಿಯ ವ್ಯಾಪಾರ ಶ್ರಾವಣದಲ್ಲಿ ಕಳೆಗಟ್ಟಿ, ಗಣೇಶನ ಹಬ್ಬ, ದಸರಾ ದಾಟಿ ದೀಪಾವಳಿಯವರೆಗೂ ಬಿಡುವಿಲ್ಲದೆ ನಡೆಯುತ್ತದೆ. ಆದರೆ ಶ್ರಾವಣದ ಹೊತ್ತಿಗೆ ಮಳೆಯೂ ಹಿಡಿದಿರುತ್ತದೆ. ಹಸಿ ಬತ್ತಿ ಬೇಗ ಒಣಗುವುದಿಲ್ಲ; ಸರಿಯಾಗಿ ಒಣಗದ್ದಕ್ಕೆ ಬೂಸ್ಟು ಬರುತ್ತದೆ. ಒಣಗಿಸುವ ಯಂತ್ರವಿಲ್ಲದ ಸಣ್ಣ ಘಟಕದವರು ಹಬ್ಬದ ಮಾಲನ್ನು ಬೇಸಿಗೆಯ ಒಣ ಹವೆಯಲ್ಲೇ ಮಾಡಿಟ್ಟುಕೊಳ್ಳಬೇಕು. ಹಾಗಾಗಿ ಕೈಯಿಂದ ದುಡ್ಡು ಹೋಗುವುದು ಏಪ್ರಿಲ್‌ನಲ್ಲಿ, ಅದು ಪೂರ್ತಿಯಾಗಿ ಮರಳುವುದು ದೀಪಾವಳಿ ಕಳೆದ ಮೇಲೆ. ಘಟಕವೊಂದು ಉಳಿಯುತ್ತದೋ ಮುಚ್ಚುತ್ತದೋ ಎನ್ನುವುದು ತೀರ್ಮಾನವಾಗುವುದು ಈ ನಡುವಿನ ತಿಂಗಳುಗಳಲ್ಲಿ. ಸಾಲದ ಲೆಕ್ಕವನ್ನೂ ಇಲ್ಲಿಂದಲೇ ಹಿಡಿಯಬೇಕು. ನಮ್ಮಲ್ಲಿ ಬಹುತೇಕರು ಯಂತ್ರದ ಬೆಲೆಯಿಂದ ಹಿಡಿಯುತ್ತಾರೆ, ತೊಂದರೆ ಬೆಳೆಯುವುದು ಅಲ್ಲಿಂದ.

ಯಂತ್ರದ ಕಡೆಗೆ ಎಲ್ಲರ ಕಣ್ಣು ಹೋಗಲು ಕಾರಣವಿದೆ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಮಣೆಯ ಮೇಲೆ ಬತ್ತಿ ಹೊಸೆದೇ ಸಂಸಾರ ತೂಗಿಸಿದ್ದಾರೆ. 1948ರಲ್ಲಿ ಎನ್. ರಂಗರಾವ್ ಮೈಸೂರಿನಲ್ಲಿ ಕಟ್ಟಿದ ಸಂಸ್ಥೆಯ ಸೈಕಲ್ ಬ್ರಾಂಡ್ ದೇಶವಿಡೀ ಹಬ್ಬಿತು. 2005ರಲ್ಲಿ ಮೈಸೂರು ಅಗರಬತ್ತಿಗೆ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಆದರೆ 2011ರಲ್ಲಿ ಆಮದು ಸುಂಕ ಇಳಿದ ಮೇಲೆ ವಿಯೆಟ್ನಾಂ, ಚೀನಾದಿಂದ ಸುವಾಸನೆ ಹಾಕದ ಕಚ್ಚಾ ಬತ್ತಿ ರಾಶಿರಾಶಿಯಾಗಿ ಬಂತು. ಕೇಂದ್ರ ಸರ್ಕಾರ 2019ರ ಆಗಸ್ಟ್‌ನಲ್ಲಿ ಈ ಆಮದಿಗೆ ನಿರ್ಬಂಧ ಹೇರಿತು; 2020ರ ಜೂನ್‌ನಲ್ಲಿ ಬಿದಿರು ಕಡ್ಡಿಯ ಆಮದು ಸುಂಕವನ್ನು ಶೇ 10ರಿಂದ 25ಕ್ಕೆ ಏರಿಸಿತು. ಆಗ ದೇಶಕ್ಕೆ ದಿನಕ್ಕೆ ಸುಮಾರು 1,490 ಟನ್ ಬತ್ತಿ ಬೇಕು, ಇಲ್ಲಿ ತಯಾರಾಗುವುದು 760 ಟನ್ ಮಾತ್ರ ಎಂದು ಸರ್ಕಾರವೇ ಹೇಳಿತ್ತು. ದಿನಕ್ಕೆ 80 ಕಿಲೊ ಬತ್ತಿ ಹಾಕುವ ಸ್ವಯಂಚಾಲಿತ ಯಂತ್ರ ಎಲ್ಲರಿಗೂ ಆಸೆ ಹುಟ್ಟಿಸಿದ್ದು ಈ ಹೊತ್ತಿನಲ್ಲೇ.

ಯಂತ್ರಕ್ಕೆ ಸಾಲ ಸಿಗುವುದು ಇವತ್ತು ಅಷ್ಟೇನೂ ಕಷ್ಟವಲ್ಲ. ಮುದ್ರಾ ಯೋಜನೆಯಲ್ಲಿ 50 ಸಾವಿರದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ ಎಂಬ ಹಂತಗಳಿವೆ, ಅಡಮಾನ ಬೇಡ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಸಬ್ಸಿಡಿಯೂ ಉಂಟು. 2022ರಲ್ಲಿ ಪರಿಷ್ಕರಿಸಿದ ನಿಯಮದಂತೆ ಹಳ್ಳಿಯ ಮಹಿಳೆಯೊಬ್ಬಳು 10 ಲಕ್ಷದ ಘಟಕ ಹಾಕಿದರೆ ಕೈಯಿಂದ 50 ಸಾವಿರ ಹಾಕಬೇಕು, ಉಳಿದ ಒಂಬತ್ತೂವರೆ ಲಕ್ಷವನ್ನು ಬ್ಯಾಂಕ್ ಕೊಡುತ್ತದೆ. ಸಬ್ಸಿಡಿ ಶೇ 35, ಅಂದರೆ ಮೂರೂವರೆ ಲಕ್ಷ. ಈ ಹಣ ಕೈಗೆ ಬರುವುದಿಲ್ಲ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಿ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದಿಲ್ಲ. ಮೂರು ವರ್ಷವಾದ ಮೇಲೆ, ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದರೆ ಸಾಲಕ್ಕೆ ಜಮೆಯಾಗುತ್ತದೆ. ಅಷ್ಟರೊಳಗೆ ದುಡಿಯುವ ಬಂಡವಾಳದ ಖಾತೆ ಒಮ್ಮೆಯಾದರೂ ಮಂಜೂರಾದ ಪೂರ್ತಿ ಮಿತಿ ಮುಟ್ಟಿರಬೇಕು, ಸರಾಸರಿ ಶೇ 75ರಷ್ಟಾದರೂ ಬಳಕೆಯಾಗಿರಬೇಕು ಎಂಬ ನಿಯಮವೂ ಇದೆ. ಇಲ್ಲವಾದರೆ ಆ ಪ್ರಮಾಣದ ಸಬ್ಸಿಡಿ ವಾಪಸ್ ಹೋಗುತ್ತದೆ. ಸಬ್ಸಿಡಿಯ ಆಸೆಗೆ ಲೆಕ್ಕ ಹಿಗ್ಗಿಸಿ ಬರೆದ ಪ್ರಾಜೆಕ್ಟ್ ರಿಪೋರ್ಟುಗಳು ಎಡವುವುದು ಇಲ್ಲೇ.

ಇನ್ನೊಂದು ಅಪಾಯ ಬಾಗಿಲಿಗೇ ಬರುತ್ತದೆ: ‘ನಮ್ಮ ಯಂತ್ರ ಕೊಳ್ಳಿ, ನೀವು ಮಾಡಿದ ಬತ್ತಿಯನ್ನೆಲ್ಲ ನಾವೇ ಕೊಳ್ಳುತ್ತೇವೆ’ ಎನ್ನುವವರು. ಮೊದಲ ಕೆಲವು ಕಂತಿನ ಮಾಲು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ಗುಣಮಟ್ಟ ಸರಿಯಿಲ್ಲ ಎಂಬ ತಕರಾರು, ಕೊನೆಗೆ ಫೋನೇ ಎತ್ತುವುದಿಲ್ಲ. ಯಂತ್ರ ಮೂಲೆ ಸೇರುತ್ತದೆ, ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಮಾಲು ಕೊಳ್ಳುವ ಮಾತನ್ನು ಯಂತ್ರ ಮಾರುವವನೇ ಆಡಿದರೆ ಅದನ್ನು ಆದಾಯವೆಂದು ಬರೆದುಕೊಳ್ಳಲೇಬೇಡಿ. ಅಂಗಡಿಯವರನ್ನೂ ದೊಡ್ಡ ಬ್ರಾಂಡಿನವರನ್ನೂ ನೀವೇ ಮಾತಾಡಿಸಿ, ಆಮೇಲೆ ಯಂತ್ರ ನೋಡಿ.

ದುಡ್ಡು ನಿಜಕ್ಕೂ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ನೋಡೋಣ. ಬಿದಿರು ಕಡ್ಡಿ, ಇದ್ದಿಲು ಪುಡಿ, ಅಂಟಿಗೆ ಜಿಗಟು ಪುಡಿ. ಹೊಸಬರಿಗೆ ಇವನ್ನು ಉದ್ರಿ ಕೊಡುವವರು ವಿರಳ. ಹೊಸೆಯುವವರ ಕೂಲಿ ವಾರಕ್ಕೆ ಕೊಡಲೇಬೇಕು. ಕೊಡದಿದ್ದರೆ ಅವರ ಮನೆಯ ಒಲೆ ಉರಿಯುವುದಿಲ್ಲ. ಆಮೇಲೆ ಸುಗಂಧದ ಎಣ್ಣೆ, ಡಬ್ಬಿ, ಛಾಪಿಸಿದ ಹೊದಿಕೆ. ಒಳ್ಳೆಯ ಸುಗಂಧ ಬೇಕೆಂದರೆ ಖರ್ಚಿನ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಇಷ್ಟೆಲ್ಲ ನಗದು ಕೊಟ್ಟು ತಂದು ಮಾಡಿದ ಮಾಲನ್ನು ಮಾತ್ರ ಅಂಗಡಿಗೆ ಉದ್ರಿಗೇ ಹಾಕಬೇಕು, ಅದೂ ಹೊಸ ಹೆಸರಿನ ಬತ್ತಿಯಾದರೆ ಮಾರಿದ ಮೇಲೆ ದುಡ್ಡು.

ಸಣ್ಣ ಉದ್ದಿಮೆಗೆ ಬ್ಯಾಂಕುಗಳು ದುಡಿಯುವ ಬಂಡವಾಳ ಕೊಡುವುದು ನಾಯಕ್ ಸಮಿತಿಯ ಸೂತ್ರದ ಮೇಲೆ. ವರ್ಷದ ಅಂದಾಜು ವಹಿವಾಟಿನ ಶೇ 25 ಬೇಕಾಗುತ್ತದೆಂದು ಎಣಿಸಿ ಅದರಲ್ಲಿ ಶೇ 20ನ್ನು ಬ್ಯಾಂಕ್ ಕೊಡಬೇಕು, ಶೇ 5 ನೀವು ಹಾಕಬೇಕು. ಹಾಕಿದ ದುಡ್ಡು ಮೂರು ತಿಂಗಳಿಗೊಮ್ಮೆ ಮರಳುತ್ತದೆ ಎಂಬ ಎಣಿಕೆ ಇದರ ತಳದಲ್ಲಿದೆ. ವರ್ಷಕ್ಕೆ 24 ಲಕ್ಷ ವಹಿವಾಟಿನ ಘಟಕವೆಂದು ಇಟ್ಟುಕೊಳ್ಳಿ. ಸೂತ್ರದಂತೆ 6 ಲಕ್ಷ ಸಾಕು, ಅದರಲ್ಲಿ ಬ್ಯಾಂಕಿನದು 4 ಲಕ್ಷ 80 ಸಾವಿರ. ಆದರೆ ನಿಮ್ಮ ದುಡ್ಡು ಮರಳಲು ಐದು ತಿಂಗಳು ಹಿಡಿದರೆ ಅದೇ ಲೆಕ್ಕದಲ್ಲಿ ಬೇಕಾಗುವುದು 10 ಲಕ್ಷ. ನಡುವಿನ ಈ 4 ಲಕ್ಷಕ್ಕೇ ಜನ ಕೈಸಾಲಕ್ಕೂ ಮೀಟರ್ ಬಡ್ಡಿಗೂ ಹೋಗುವುದು. ಸರ್ಕಾರ ಕೊಟ್ಟ ಸಬ್ಸಿಡಿಗಿಂತ ಹೆಚ್ಚನ್ನು ಆ ಬಡ್ಡಿಯೇ ತಿಂದುಬಿಡಬಲ್ಲದು.

ಸೂತ್ರದ ಶೇ 20 ಕನಿಷ್ಠ ಮಿತಿಯೇ ಹೊರತು ಗರಿಷ್ಠವಲ್ಲ. ದುಡ್ಡು ಮರಳುವುದು ತಡ ಎಂದು ಲೆಕ್ಕ ಸಮೇತ ತೋರಿಸಿದರೆ ಬ್ಯಾಂಕ್ ಹೆಚ್ಚು ಕೊಡಬಹುದು. ಹಬ್ಬದ ತಿಂಗಳಿಗೊಂದು, ಉಳಿದ ತಿಂಗಳಿಗೊಂದು ಎಂದು ಎರಡು ಮಿತಿ ಕೇಳುವುದಕ್ಕೂ ಅವಕಾಶವಿದೆ. ಆದರೆ ದುಡಿಯುವ ಬಂಡವಾಳದ ಈ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಿಂದ ಎಷ್ಟು ತೆಗೆಯಬಹುದು ಎನ್ನುವುದು ತಿಂಗಳು ತಿಂಗಳು ಕೊಡುವ ದಾಸ್ತಾನು ಪಟ್ಟಿಯ ಮೇಲೆ ನಿಂತಿದೆ. ಅಂಗಡಿಗಳಿಂದ ಬರಬೇಕಾದ ಹಳೆಯ ಬಾಕಿಯನ್ನು, ಸಾಮಾನ್ಯವಾಗಿ 90 ದಿನ ಮೀರಿದ್ದನ್ನು, ಬ್ಯಾಂಕು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂಗಡಿಯವನು ಕೊಡದ ದುಡ್ಡು ಹೀಗೆ ಎರಡು ಕಡೆ ಹೊಡೆತ ಕೊಡುತ್ತದೆ.

ತೆರಿಗೆಯೂ ಸ್ವಲ್ಪ ದುಡ್ಡನ್ನು ಹಿಡಿದಿಡುತ್ತದೆ. ಊದುಬತ್ತಿಗೆ ಜಿಎಸ್‌ಟಿ ಶೇ 5, ಅದಕ್ಕೆ ಹಾಕುವ ಸುಗಂಧಕ್ಕೆ ಶೇ 18. ಕಟ್ಟಿದ್ದು ಹೆಚ್ಚು, ವಸೂಲಾಗುವುದು ಕಡಿಮೆ. ಆ ವ್ಯತ್ಯಾಸವನ್ನು ಮರುಪಾವತಿ ಕೇಳಿ ಪಡೆಯಬಹುದು, ನೋಂದಣಿ ಇದ್ದವರಿಗೆ ಮಾತ್ರ. ರಾಜ್ಯದೊಳಗೇ ಮಾರುವ, 40 ಲಕ್ಷ ಮೀರದ ವಹಿವಾಟಿನವರಿಗೆ ನೋಂದಣಿ ಕಡ್ಡಾಯವಲ್ಲ. ಮಾಡಿಸದಿದ್ದರೆ ಸುಗಂಧದ ಮೇಲಿನ ತೆರಿಗೆ ಪೂರ್ತಿ ಅವರ ತಲೆಗೇ.

ವಿತರಕರಿಗೆ ದೊಡ್ಡ ಮೊತ್ತದ ಮಾಲು ಕೊಡುವವರಿಗೆ ಕಾನೂನಿನ ಬೆಂಬಲವೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯಂತೆ ಸಣ್ಣ ಉದ್ದಿಮೆಯ ಬಾಕಿಯನ್ನು, ಲಿಖಿತ ಒಪ್ಪಂದವಿದ್ದರೂ, 45 ದಿನದೊಳಗೆ ತೀರಿಸಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹೀಗೆ ತಡಮಾಡಿದ ಮೊತ್ತವನ್ನು ಕೊಂಡವನು ಆ ವರ್ಷದ ಖರ್ಚೆಂದು ಆದಾಯ ತೆರಿಗೆಯಲ್ಲಿ ತೋರಿಸಲಾಗದು ಎಂಬ ನಿಯಮವೂ ಈಚೆಗೆ ಬಂದಿದೆ. ಇದಕ್ಕೆಲ್ಲ ಉದ್ಯಮ್ ನೋಂದಣಿ ಬೇಕು. ಅದು ಉಚಿತ, ಮಾಲು ಕಳಿಸುವ ಮೊದಲೇ ಮಾಡಿಸಿ, ಪ್ರತಿ ಬಿಲ್ಲಿನ ಮೇಲೂ ಸಂಖ್ಯೆ ಛಾಪಿಸಿ. ಬೀದಿಯ ಕಿರಾಣಿ ಅಂಗಡಿಯವರ ಮೇಲೆ ಈ ದಾರಿ ಹಿಡಿಯುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ. ಅಲ್ಲಿ ಹಳೆಯ ಬಾಕಿ ಬರುವತನಕ ಹೊಸ ಮಾಲು ಇಳಿಸದಿರುವುದೇ ಸರಿ.

ಬ್ಯಾಂಕಿಗೆ ಹೋಗುವಾಗ ಯಂತ್ರದ ಕೊಟೇಶನ್ ಜೊತೆಗೆ ಇನ್ನೊಂದು ಹಾಳೆ ಇಟ್ಟುಕೊಳ್ಳಿ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು ತಿಂಗಳು. ಯಾವ ತಿಂಗಳು ಕಡ್ಡಿಗೆ, ಸುಗಂಧಕ್ಕೆ, ಕೂಲಿಗೆ ಎಷ್ಟು ಹೋಗುತ್ತದೆ, ಯಾವ ತಿಂಗಳು ಎಷ್ಟು ಬರುತ್ತದೆ. ಮಳೆಗಾಲದ ಸಾಲುಗಳಲ್ಲಿ ಕೊರತೆ ಕಾಣುತ್ತದೆ, ಕಾಣಲಿ. ಮ್ಯಾನೇಜರ್ ಕೇಳದಿದ್ದರೂ ಅದನ್ನು ಅರ್ಜಿಗೆ ಲಗತ್ತಿಸಿ, ಆ ಕೊರತೆಯಷ್ಟು ಮೊತ್ತವನ್ನೇ ಸಿಸಿ ಮಿತಿಯಾಗಿ ಬರೆದು ಕೇಳಿ.