ಹಿತ್ತಲ ಮನೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಗಿಡಕ್ಕೆ ಮಾತ್ರವಲ್ಲ, ಹಿತ್ತಲಲ್ಲಿ ಕಟ್ಟಿದ ಮನೆಗೂ ಸಲ್ಲುವಂತೆ ತೋರುತ್ತದೆ. 1898ರ ಪ್ಲೇಗಿನ ಅನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳ ವಿಶಾಲವಾದ ನಿವೇಶನಗಳಲ್ಲಿ, ದೊಡ್ಡ ಮನೆಯ ಬೆನ್ನಿಗೆ ಒಂದು ಕೋಣೆ, ಒಂದು ಅಡುಗೆಮನೆಯ ಪುಟ್ಟ ಬಿಡಾರವಿರುವುದುಂಟು. ಅದನ್ನು ನಾವು ‘ಔಟ್‌ಹೌಸ್’ ಎಂದೆವು. ಓದಲು ಬಂದ ಹುಡುಗನೋ, ಹೊಸದಾಗಿ ಸಂಸಾರ ಹೂಡಿದ ಗುಮಾಸ್ತನೋ, ಗಂಡನನ್ನು ಕಳೆದುಕೊಂಡ ಸೋದರತ್ತೆಯೋ ಅಲ್ಲಿ ಬಾಳಿದರು. ಅದೊಂದು ದೊಡ್ಡ ಸಂಗತಿಯೆಂದು ಯಾರೂ ಎಣಿಸಲಿಲ್ಲ.

ಈಗ ಅಮೆರಿಕದ ಕ್ಯಾಲಿಫೋರ್ನಿಯಾ ಅದನ್ನೇ ಮದ್ದೆಂದು ಅರೆಯುತ್ತಿದೆ. ಒಂದು ನಿವೇಶನಕ್ಕೆ ಒಂದೇ ಸಂಸಾರದ ಮನೆ ಎಂಬ ಕಟ್ಟುಪಾಡು ಅಲ್ಲಿನ ಬಡಾವಣೆಗಳಲ್ಲಿ ಬಹುಕಾಲ ನಡೆಯಿತು. ಮನೆಗಳು ಸಾಲದಾದವು, ಬಾಡಿಗೆ ಏರಿತು. 2017ರಲ್ಲಿ ಜಾರಿಗೆ ಬಂದ ಶಾಸನಗಳು ಹಿತ್ತಲ ಮನೆಗೆ ದಾರಿ ಬಿಟ್ಟವು. 2020ರಲ್ಲಿ ಬಂದವು ಆ ದಾರಿಯನ್ನು ಅಗಲಗೊಳಿಸಿದವು. ಪಕ್ಕಕ್ಕೂ ಹಿಂದಕ್ಕೂ 4 ಅಡಿ ತೆರವು ಬಿಟ್ಟು 800 ಚದರಡಿಯ ಮನೆ ಕಟ್ಟುವೆನೆಂದರೆ, ನಿವೇಶನ ಚಿಕ್ಕದೆಂಬ ನೆಪವೊಡ್ಡಿ ನಗರಾಡಳಿತ ತಡೆಯುವಂತಿಲ್ಲ. ಅರ್ಜಿ ಪೂರ್ಣವಾಗಿದ್ದರೆ 60 ದಿನಗಳೊಳಗೆ ತೀರ್ಮಾನವಾಗಬೇಕು. ಎಷ್ಟೋ ಮಂದಿ ಕಾರಿನ ಗ್ಯಾರೇಜನ್ನೇ ಮನೆಯಾಗಿಸಿದ್ದಾರೆ. ಆಡುಮಾತಿನಲ್ಲಿ ಇದಕ್ಕೆ ‘ಅಜ್ಜಿಯ ಮನೆ’ ಎಂಬರ್ಥದ ಹೆಸರೂ ಉಂಟು. ‘ಔಟ್‌ಹೌಸ್’ ಎಂದರೆ ಮಾತ್ರ ಅವರು ಮೂಗು ಮುಚ್ಚಿಕೊಂಡಾರು. ಅಲ್ಲಿ ಅದಕ್ಕೆ ಹಿತ್ತಲ ಪಾಯಖಾನೆಯೆಂದರ್ಥ!

ಬೇರೆ ಅಡುಗೆಯ ಏರ್ಪಾಡಿದ್ದರೇ ಅದು ಮನೆ ಎಂಬುದು ಆ ಶಾಸನ ಹೇಳುವ ಲಕ್ಷಣಗಳಲ್ಲೊಂದು. ನಮ್ಮಲ್ಲಿಯಾದರೋ ‘ಒಲೆ ಬೇರೆಯಾಯಿತು’ ಎಂದರೆ ಸಂಸಾರ ಒಡೆಯಿತೆಂದೇ ತಾತ್ಪರ್ಯ.

ನಮ್ಮ ಮನೆಯಲ್ಲಿ ಈಗ ಎದ್ದಿರುವ ಪ್ರಶ್ನೆಯೂ ಅದೇ. ತಂದೆಯವರು ತೀರಿಕೊಂಡ ಮೇಲೆ ಊರು ಬಿಟ್ಟು ನಮ್ಮೊಡನಿರಲು ಬಂದ ಅಮ್ಮ, ಹಿತ್ತಲಲ್ಲಿ ತಮಗೊಂದು ಕೋಣೆ, ಅಡುಗೆಮನೆ ಕಟ್ಟಿಸಿಕೊಡೆಂದು ಕೇಳಿದ್ದಾರೆ. ‘ಹೆತ್ತವಳನ್ನು ಹಿತ್ತಲಿಗೆ ಹಾಕುತ್ತೀಯಾ?’ ಎಂದು ನೆಂಟರು ನನ್ನನ್ನು ಕೇಳಿದರು. ಉತ್ತರವಿತ್ತವರು ಅಮ್ಮನೇ: ‘ಇಷ್ಟು ವರ್ಷ ನನ್ನ ಒಲೆ ನಾನೇ ಹಚ್ಚಿದವಳು. ಈಗ ಕಾಫಿಗೆ ನೀರಿಡಬೇಕಾದರೂ ಸೊಸೆಯ ಮುಖ ನೋಡಬೇಕು. ಅವಳೇನೋ ಒಳ್ಳೆಯವಳೇ. ಒಳ್ಳೆಯವಳಾಗಿರುವಾಗಲೇ ಒಲೆ ಬೇರೆಯಿರಲಿ.’

ಇದಕ್ಕೆ ಪಾರಿಜಾತದ ಗಿಡ ಹೋಗಬೇಕು. ನನ್ನ ಉಳಿತಾಯದ ಬಹುಭಾಗವೂ ಹೋದೀತು. ಆದರೂ ಒಪ್ಪಿದ್ದೇನೆ. ಮುನಿದು ಬೇರೆಯಾದ ಒಲೆಗೂ, ಮುನಿಸು ಬಾರದಿರಲೆಂದು ಬೇರೆ ಹೂಡಿದ ಒಲೆಗೂ ಅಂತರವಿದೆ. ಹತ್ತು ಹೆಜ್ಜೆಯ ದೂರದಲ್ಲಿ ಅಮ್ಮ ತಮ್ಮ ಬಾಗಿಲಿಗೆ ತಾವೇ ಅಗುಳಿ ಹಾಕಿಕೊಳ್ಳಲಿ. ಸಾರಿನ ಬಟ್ಟಲು ಈ ಮನೆಗೂ ಆ ಮನೆಗೂ ಓಡಾಡುತ್ತಿದ್ದರೆ, ಮನೆ ಒಡೆಯಿತೆಂದು ಯಾರು ಹೇಳಿಯಾರು?