ಗೋಡೆಯೂ ಬೈರಿಗೆಯೂ

ಹಿಂದೆ ನಮ್ಮ ಬಡಿಗರ ಪೆಟ್ಟಿಗೆಯಲ್ಲಿ ‘ಬೈರಿಗೆ’ ಎಂಬ ಉಪಕರಣವೊಂದು ಇರುತ್ತಿತ್ತು. ಅದು ತಿರುಗಿ ತಿರುಗಿ ಮರವನ್ನು ಕೊರೆಯುತ್ತಿತ್ತು. ಗೋಡೆಯ ಕೆಲಸಕ್ಕೆ ಅದು ಒದಗುತ್ತಿರಲಿಲ್ಲ. ಅಲ್ಲಿ ಚಾಣ ಸುತ್ತಿಗೆಗಳೇ ಗತಿ. ಈ ತಿರುಗುವಿಕೆಯನ್ನೂ ಆ ಕುಟ್ಟುವಿಕೆಯನ್ನೂ ಒಂದೇ ಹಿಡಿಕೆಯಲ್ಲಿ ಕೂಡಿಸಿ, ಬುಡಕ್ಕೊಂದು ಬ್ಯಾಟರಿಯನ್ನು ಸಿಕ್ಕಿಸಿದ ಯಂತ್ರವನ್ನು ನಾನು ಜಮಖಂಡಿಯ ಪೇಟೆಯಲ್ಲಿ ಕೊಂಡೆ. ಅಂಗಡಿಯವರು ಅದನ್ನು ‘ಹ್ಯಾಮರ್ ಡ್ರಿಲ್’ ಎಂದರು. ಕನ್ನಡದ ಅಧ್ಯಾಪಕನಾದ ತಪ್ಪಿಗೆ ನಾನು ‘ಸುತ್ತಿಗೆ ಬೈರಿಗೆ’ ಎಂದು ಕರೆಯಲು ಹೋಗಿ, ಮನೆಯವರ ನಗೆಗೆ ಗುರಿಯಾಗಿ, ಈಗ ಎಲ್ಲರಂತೆ ‘ಡ್ರಿಲ್’ ಎಂದೇ ಅನ್ನುತ್ತೇನೆ.

ಬನಹಟ್ಟಿಯಲ್ಲಿರುವ ನಮ್ಮ ಹಿರಿಯರ ಮನೆ ಕಲ್ಲು ಮಣ್ಣುಗಳದು. ಗೋಡೆ ಎರಡಡಿ ದಪ್ಪ. ಅದಕ್ಕೊಂದು ಹಲಗೆಯನ್ನು ಬಿಗಿದು ಪುಸ್ತಕಗಳನ್ನಿಡಬೇಕೆಂಬುದು ನನ್ನ ಬಹುದಿನದ ಆಸೆ. ಯಂತ್ರವನ್ನು ಸುತ್ತಿಗೆಯ ಗುರುತಿಗೆ ತಿರುಗಿಸಿ, ಮೈಯ ಬಲವನ್ನೆಲ್ಲ ಹಾಕಿ ಒತ್ತಿದೆ. ಮೊನೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಒಳಗಿಳಿಯಿತು. ಅಷ್ಟು ಸಲೀಸಾದದ್ದೇ ಕೇಡಿನ ಸೂಚನೆಯೆಂದು ನನಗೆ ಹೊಳೆಯಲಿಲ್ಲ. ನಾಲ್ಕು ರಂಧ್ರ, ನಾಲ್ಕು ಪ್ಲಾಸ್ಟಿಕ್ ಪ್ಲಗ್ಗು, ನಾಲ್ಕು ತಿರುಪು; ಮೇಲೆ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟೂ ಸಂಪುಟಗಳು. ಮೂರನೆಯ ದಿನ ರಾತ್ರಿ ಊಟದ ಹೊತ್ತಿಗೆ ಹಲಗೆ, ನಿಘಂಟು, ಒಂದು ಬುಟ್ಟಿಯಷ್ಟು ಮಣ್ಣು ಒಟ್ಟಿಗೆ ಕೆಳಗೆ ಬಂದವು. ಅವು ಬಿದ್ದದ್ದು ನನ್ನ ಮಗಳು ದಿನವೂ ಕುಳಿತು ಓದುವ ಚಾಪೆಯ ಮೇಲೆ. ತಾಯಿ ಕರೆದಳೆಂದು ಅವಳು ಎದ್ದುಹೋಗಿ ಇನ್ನೂ ಐದು ನಿಮಿಷವಾಗಿರಲಿಲ್ಲ.

ಮರುದಿನ ನೆರೆಯ ಮುದುಕ ಗೌಂಡಿಯೊಬ್ಬರು ಬಂದು ನೋಡಿದರು. ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟಿದರು.

“ಸರ, ಕಲ್ಲು ಎಲ್ಲೈತಿ, ಮಣ್ಣು ಎಲ್ಲೈತಿ ಅಂತ ಮದಲ ಬಡದ ನೋಡಿದ್ರೇನು?”

“ಇಲ್ಲ ಕಾಕಾ, ಮಷೀನು ಕೊರೀತಲ್ಲ ಅಂದ್ಕೊಂಡೆ.”

“ಮಷೀನು ಕೊರೀತೈತ್ರಿ. ಹಿಡಿಯೂದು ಗ್ವಾಡಿ.”

ಅವರೆಂದಂತೆ, ನಾನು ಕೊರೆದದ್ದು ಕಲ್ಲನ್ನಲ್ಲ, ಎರಡು ಕಲ್ಲುಗಳ ನಡುವಣ ಮಣ್ಣನ್ನು. ಪ್ಲಗ್ಗು ಹಿಗ್ಗಿ ಬಿಗಿಯಾಗುವುದಕ್ಕೆ ಸುತ್ತ ಗಟ್ಟಿಯಾದ ವಸ್ತುವಿರಬೇಕು. ಮಣ್ಣು ಅದಕ್ಕೆ ಎಡೆಗೊಟ್ಟು ಸರಿಯುತ್ತದೆ. ಸುತ್ತಿಗೆಯ ಅದಿರಾಟವಂತೂ ಅಕ್ಕಪಕ್ಕದ ಮಣ್ಣನ್ನೂ ಸಡಿಲಿಸುತ್ತದೆ. ಇಟ್ಟಿಗೆಯ ಗೋಡೆಯಲ್ಲಿಯೂ ಇದೇ ನ್ಯಾಯ: ಕೊರೆಯಬೇಕಾದದ್ದು ಇಟ್ಟಿಗೆಯ ಒಡಲನ್ನು, ಸಂದಿನ ಗಾರೆಯನ್ನಲ್ಲ. ಟೈಲ್ಸ್ ಹಚ್ಚಿದ ಗೋಡೆಯಾದರೆ ಟೈಲ್ಸನ್ನು ಪೂರ್ತಿಯಾಗಿ ದಾಟುವ ತನಕ ಸುತ್ತಿಗೆಯನ್ನು ಮುಟ್ಟಲೇಬಾರದು. ನಿಧಾನವಾಗಿ ಬರಿಯ ತಿರುಗುವಿಕೆಯಿಂದಲೇ ದಾರಿ ಮಾಡಿಕೊಳ್ಳಬೇಕು.

ಒತ್ತುವ ವಿಷಯದಲ್ಲಿಯೂ ನನ್ನದು ತಪ್ಪು ತಿಳಿವಳಿಕೆಯೇ. ಮುಧೋಳದ ಸೀಮೆ ರನ್ನನದು. ಅವನ ಗದಾಯುದ್ಧವನ್ನು ವರ್ಷವರ್ಷವೂ ಪಾಠ ಹೇಳಿದ ಪರಿಣಾಮವೋ ಏನೋ, ಗೋಡೆ ಕೊರೆಯುವುದೆಂದರೆ ಭೀಮನ ಕೆಲಸವೆಂದೇ ನಾನು ಎಣಿಸಿದ್ದೆ. ಈ ಯಂತ್ರದೊಳಗೆ ಗದೆಯಿಲ್ಲ. ಹಲ್ಲುಗಳುಳ್ಳ ಎರಡು ಉಕ್ಕಿನ ಬಿಲ್ಲೆಗಳು ಎದುರುಬದುರಾಗಿವೆ. ಮೊನೆಯನ್ನು ಗೋಡೆಗೊತ್ತಿದಾಗ ಅವು ಒಂದಕ್ಕೊಂದು ತಗಲುತ್ತವೆ. ಒಂದರ ಹಲ್ಲು ಇನ್ನೊಂದರ ಹಲ್ಲನ್ನೇರಿ ಇಳಿದಾಗಲೆಲ್ಲ ಮೊನೆ ಒಂದು ಕಿರುಪೆಟ್ಟನ್ನು ಹಾಕುತ್ತದೆ. ಇಂಥ ಪೆಟ್ಟುಗಳು ನಿಮಿಷಕ್ಕೆ 20,000ಕ್ಕೂ ಮೀರುತ್ತವೆ. ಬಿಲ್ಲೆಗಳು ತಗಲುವಷ್ಟು ಒತ್ತಿದರೆ ಸಾಕು. ಮೇಲೆಬಿದ್ದು ಒತ್ತಿದರೆ ತಿರುಗುವ ವೇಗ ತಗ್ಗಿ, ಮೊನೆ ಕಾದು, ಬ್ಯಾಟರಿ ಸೊರಗುತ್ತದೆ. ಮೊನೆಯೂ ಕಲ್ಲಿಗೆಂದೇ ಮಾಡಿದ್ದಿರಬೇಕು. ಅದರ ತುದಿಯಲ್ಲಿ ಕಾರ್ಬೈಡ್ ಎಂಬ ಕಠಿಣ ಲೋಹದ ಚೂರನ್ನು ಬೆಸೆದಿರುತ್ತಾರೆ. ಸರಳು ಹಾಕಿದ ಕಾಂಕ್ರೀಟಿನಲ್ಲಿ ದೊಡ್ಡ ರಂಧ್ರ ಬೇಕಾದರೆ ಇದು ಸಾಲದು. ಅದಕ್ಕೆ ಒಳಗೆ ಗಾಳಿಯ ಒತ್ತಡದಿಂದ ಕುಟ್ಟುವ ಬೇರೆ ಯಂತ್ರವೇ ಇದೆ.

ಇನ್ನು ಪುಡಿಯ ಮಾತು. 1971ರಲ್ಲಿ ಅಪೋಲೋ 15ರ ಯಾತ್ರಿಕರು ಚಂದ್ರನ ಮೇಲೆ ಬ್ಯಾಟರಿಯಿಂದ ನಡೆಯುವ, ತಿರುಗುತ್ತ ಕುಟ್ಟುವ ಇಂಥದೇ ಬೈರಿಗೆಯನ್ನು ಬಳಸಿದರು. ಮೂರು ಮೀಟರು ಇಳಿಯಬೇಕಾಗಿದ್ದ ಮೊದಲ ರಂಧ್ರ ಸುಮಾರು ಒಂದೂವರೆ ಮೀಟರಿನ ಆಚೆಗೆ ಹೆಚ್ಚು ಇಳಿಯಲಿಲ್ಲ. ಕೊರೆದ ಪುಡಿಯನ್ನು ಮೇಲಕ್ಕೆ ತರಬೇಕಾದ ಸುರುಳಿಗಾಡಿ ಕೊಳವೆಯ ತುಂಡುಗಳು ಕೂಡುವೆಡೆಯಲ್ಲಿ ಕಡಿದುಹೋಗಿದ್ದುದರಿಂದ ಪುಡಿ ಅಲ್ಲಿಯೇ ಕಟ್ಟಿಕೊಂಡಿತು. ಚಂದ್ರನಲ್ಲಿ ಕೆಟ್ಟ ಕೆಲಸ ಬನಹಟ್ಟಿಯಲ್ಲಿಯೂ ಕೆಡುತ್ತದೆ. ಮೊನೆ ತಿರುಗುತ್ತಿರುವಾಗಲೇ ಅದನ್ನು ಆಗಾಗ ಹೊರಗೆಳೆದು ಪುಡಿಯನ್ನು ಚೆಲ್ಲಬೇಕು. ಪ್ಲಗ್ಗಿಗಿಂತ ತುಸು ಆಳವಾಗಿ ಕೊರೆಯಬೇಕು. ಆಳದ ಗುರುತಿಗೆ ಮೊನೆಗೊಂದು ಟೇಪು ಸುತ್ತಿದರಾಯಿತು. ಉಳಿದ ಪುಡಿಯನ್ನು ತೆಗೆಯಲು ನಾನು ಒಲೆಯ ಊದುಗೊಳವೆಯನ್ನು ಹಚ್ಚಿ ಊದಿ, ಅರ್ಧ ದಿನ ಕಣ್ಣುಜ್ಜುತ್ತ ಕುಳಿತಿದ್ದೆ. ಸೈಕಲ್ ಪಂಪು ವಾಸಿ, ಅದೂ ಕನ್ನಡಕ ಹಾಕಿಕೊಂಡು. ಕಲ್ಲಿನ ನುಣ್ಣನೆಯ ಧೂಳಿನಲ್ಲಿರುವ ಸಿಲಿಕಾ ಪುಪ್ಪುಸಕ್ಕೆ ಶತ್ರು. ಮೂಗಿಗೆ ಮಾಸ್ಕ್ ಬೇಕು.

ಕಿವಿಯ ಮಾತನ್ನು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ರಬಕವಿ-ಬನಹಟ್ಟಿಗಳಲ್ಲಿ ಪವರ್‌ಲೂಮಿನ ಸದ್ದಿನಲ್ಲಿ ಆಯುಷ್ಯ ಕಳೆದವರು ಮನೆಯಲ್ಲಿಯೂ ಕೂಗಿಯೇ ಮಾತಾಡುತ್ತಾರೆ. ನನ್ನ ತಂದೆಯವರೂ ಹಾಗೆಯೇ. ಹತ್ತಿಯ ಉಂಡೆಯನ್ನು ಕಿವಿಗೆ ತುರುಕಿ ಮಗ್ಗ ನಡೆಸಿದವರು, ಅದರಿಂದ ಕಿವಿ ಉಳಿಯಲಿಲ್ಲ. ಡ್ರಿಲ್ ಕಲ್ಲಿನ ಮೇಲೆ ಕುಟ್ಟುವ ಸದ್ದು 100 ಡೆಸಿಬೆಲ್ಲಿನ ಸಮೀಪದ್ದು. ಕಿವಿಗೆಂದೇ ಮಾಡಿದ ಪ್ಲಗ್ಗುಗಳು ಅಗ್ಗವಾಗಿ ದೊರೆಯುತ್ತವೆ. ನಾನು ಅವನ್ನು ಹಾಕಿಕೊಳ್ಳುವಾಗಲೆಲ್ಲ ತಂದೆಯವರು ನೋಡುತ್ತಿರುತ್ತಾರೆ, ಏನೂ ಅನ್ನುವುದಿಲ್ಲ.

ಇಷ್ಟೆಲ್ಲ ಕಲಿತೆನೆಂಬ ಹೆಮ್ಮೆಯಲ್ಲಿ ಬೀಳಗಿಯ ಕಡೆಗೆ ತಂಗಿಯ ಮನೆಗೆ ಹೋದೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರನ್ನು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರದಲ್ಲಿ ಅವರು ಕಟ್ಟಿಕೊಂಡ ಸಿಮೆಂಟಿನ ಮನೆ ಅದು. ದೇವರ ಪಟಕ್ಕೆ ಮೊಳೆ ಬೇಕಾಗಿತ್ತು. ಸ್ವಿಚ್ ಬೋರ್ಡಿನ ನೇರ ಮೇಲುಗಡೆಗೆ ಮೊನೆಯನ್ನಿಟ್ಟೆ.

“ಅಣ್ಣಾ, ನಿಲ್ಲು. ವಾಯರ್ ಅಲ್ಲೇ ಇಳದಾವು.”

ಮನೆ ಕಟ್ಟುವಾಗ ಅವಳು ನಿಂತು ನೋಡಿದ್ದಳು. ಯಂತ್ರಕ್ಕೆ ತಂತಿಯಿಲ್ಲವೆಂಬ ಧೈರ್ಯದಲ್ಲಿ ಗೋಡೆಯೊಳಗಿನ ತಂತಿಯನ್ನು ನಾನು ಮರೆತಿದ್ದೆ. ಸ್ವಿಚ್ಚಿನಿಂದ ನೇರ ಮೇಲಕ್ಕೂ ಕೆಳಕ್ಕೂ, ನಳದ ನೇರಕ್ಕೂ ಕೊರೆಯಬಾರದು. ಅನುಮಾನವಿದ್ದಲ್ಲಿ ಮೇನ್ ತೆಗೆಯಬೇಕು. ತಂಗಿಯೇ ಮೇನ್ ತೆಗೆದಳು, ಒಂದು ಮೊಳ ಆಚೆಗೆ ಬೆರಳಿಟ್ಟು ಜಾಗ ತೋರಿಸಿದಳು. ನನ್ನ ಹೆಗಲ ಮೇಲಿನ ವಲ್ಲಿಯನ್ನೂ ಕಸಿದುಕೊಂಡಳು. ತಿರುಗುವ ಮೊನೆಗೆ ಅದರ ಸೆರಗು ಸಿಕ್ಕಿದರೆ ಮುಂದಿನದನ್ನು ಊಹಿಸಬಹುದು. ಮೊನೆ ಬದಲಿಸುವಾಗ ಬ್ಯಾಟರಿಯನ್ನು ಕಳಚಿಡುವುದನ್ನಂತೂ ನಾನು ಅಂಗಡಿಯಲ್ಲಿಯೇ ಕಲಿತಿದ್ದೆ. ಆ ಬ್ಯಾಟರಿಯನ್ನು ನಮ್ಮ ಬೇಸಗೆಯ ಬಿಸಿಲಿನಲ್ಲಿ, ಕಾರಿನೊಳಗೆ ಬಿಡಬಾರದು. ಬಿಸಿಯಾಗಿದ್ದರೆ ತಣಿದ ಮೇಲೆಯೇ ಚಾರ್ಜಿಗೆ ಹಚ್ಚಬೇಕು.

ಬನಹಟ್ಟಿಯ ಪುಸ್ತಕಗಳು ಈಗ ನೆಲದ ಮೇಲೆ ನಿಂತ ಕಪಾಟಿನಲ್ಲಿವೆ. ಆ ಗೋಡೆಗೆ ನಿಘಂಟಿನ ಭಾರ ಸಲ್ಲದೆಂದು ಕಾಕಾ ಖಂಡಿತವಾಗಿ ಹೇಳಿಬಿಟ್ಟರು. ನಾನು ತೋಡಿದ ಕುಳಿಯನ್ನು ತಾವೇ ಮಣ್ಣು ಮೆತ್ತಿ ಮುಚ್ಚಿದರು. ಅದರ ಪಕ್ಕದಲ್ಲಿ, ಗೋಡೆ ಏಳುವಾಗಲೇ ಕಲ್ಲುಗಳ ನಡುವೆ ಕೂಡ್ರಿಸಿದ ಅಜ್ಜನ ಕಾಲದ ಕಟ್ಟಿಗೆಯ ಗೂಟವಿದೆ. ತಂದೆಯವರ ಛತ್ರಿ ಅದಕ್ಕೇ ತೂಗುತ್ತದೆ.