ಪೊರೆಯನ್ನು ಹಿಗ್ಗಿಸುವ ಕೆಲಸ

ತಂತಿಯೊಂದನ್ನು ಮೂರು ಬದಿಗಳ ಚೌಕಟ್ಟಾಗಿ ಬಗ್ಗಿಸಿ, ನಾಲ್ಕನೆಯ ಬದಿಗೆ ಅತ್ತಿತ್ತ ಜಾರಬಲ್ಲ ಹಗುರವಾದ ತಂತಿಯನ್ನಿರಿಸಿ, ಸಾಬೂನಿನ ನೀರಿನಲ್ಲಿ ಅದ್ದಿ ಎತ್ತೋಣ. ಚೌಕಟ್ಟಿನ ತುಂಬ ತೆಳ್ಳನೆಯ ಪೊರೆಯೊಂದು ಹರಡಿಕೊಂಡಿರುತ್ತದೆ. ಕೈಬಿಟ್ಟೊಡನೆ ಅದು ಜಾರುತಂತಿಯನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ತಂತಿಯನ್ನು ತಡೆದು ನಿಲ್ಲಿಸಲು ಬಲ ಬೇಕು. ಹೊರಕ್ಕೆ ಎಳೆಯಲು ನಾವು ಕೆಲಸ ಮಾಡಲೇಬೇಕು.

ಈ ಪೊರೆಯನ್ನು ರಬ್ಬರಿನ ಹಾಳೆಗೆ ಹೋಲಿಸುವುದು ರೂಢಿ. ಹೋಲಿಕೆ ಸೊಗಸಾದುದೇ; ಆದರೆ ದಾರಿ ತಪ್ಪಿಸುವಂಥದು. ರಬ್ಬರು ಎಳೆದಷ್ಟೂ ಬಿಗಿಯಾಗುತ್ತದೆ. ಪೊರೆಯನ್ನಾದರೋ ಮೆಲ್ಲನೆ ಎಳೆದರೆ, ಒಂದು ಸೆಂಟಿಮೀಟರಿಗೂ ಐದು ಸೆಂಟಿಮೀಟರಿಗೂ ಬೇಕಾಗುವ ಬಲ ಹೆಚ್ಚುಕಡಮೆ ಒಂದೇ. ಏಕೆಂದರೆ ಇಲ್ಲಿ ಹಳೆಯ ಮೇಲ್ಮೈ ಜಗ್ಗುವುದಿಲ್ಲ. ಒಳಗಿನ ಅಣುಗಳು ಹೊರಬಂದು ಹೊಸ ಮೇಲ್ಮೈಯನ್ನು ಕಟ್ಟುತ್ತವೆ. ದ್ರವದೊಳಗಿನ ಅಣುವನ್ನು ನೆರೆಯ ಅಣುಗಳು ಎಲ್ಲ ದಿಕ್ಕುಗಳಿಂದಲೂ ಆಕರ್ಷಿಸುತ್ತಿರುತ್ತವೆ. ಮೇಲ್ಮೈಯ ಅಣುವಿಗೆ ಒಂದು ಕಡೆ ನೆರೆಯೇ ಇಲ್ಲ. ಆ ನೆರೆಯಿಂದ ಬಿಡಿಸಿ ತರುವುದಕ್ಕೆ ಶಕ್ತಿ ಬೇಕು.

ಸಾಬೂನು ನೀರಿನ ಮೇಲ್ಮೈ ಎಳೆತವು ಮೀಟರಿಗೆ ಸುಮಾರು 0.025 ನ್ಯೂಟನ್. ಜಾರುತಂತಿಯ ಉದ್ದ 10 ಸೆಂಟಿಮೀಟರ್ ಇರಲಿ. ಪೊರೆಗೆ ಮುಂದೊಂದು ಹಿಂದೊಂದು, ಹೀಗೆ ಎರಡು ಮೈಗಳು (ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಮರೆಯುವುದು ಇದನ್ನೇ!). ಆದುದರಿಂದ ಬಲವು 2 × 0.025 × 0.1, ಎಂದರೆ 0.005 ನ್ಯೂಟನ್, ಸುಮಾರು ಅರ್ಧ ಗ್ರಾಮಿನ ತೂಕ. ತಂತಿಯನ್ನು 5 ಸೆಂಟಿಮೀಟರ್ ಎಳೆದರೆ ಮಾಡಿದ ಕೆಲಸ 0.00025 ಜೌಲ್. ಹೊಸದಾಗಿ ಹುಟ್ಟಿದ ಮೇಲ್ಮೈ, ಎರಡೂ ಕಡೆ ಸೇರಿ, 0.01 ಚದರ ಮೀಟರ್. ಭಾಗಿಸಿ ನೋಡಿದರೆ ಚದರ ಮೀಟರಿಗೆ 0.025 ಜೌಲ್, ಮೊದಲಿನ ಸಂಖ್ಯೆಯೇ ಮರಳಿ ಬಂದಿತು. ಉದ್ದಕ್ಕೆ ತಗುಲುವ ಬಲವೆಂದರೂ ವಿಸ್ತೀರ್ಣಕ್ಕೆ ತಗುಲುವ ಕೆಲಸವೆಂದರೂ ಒಂದೇ.

ಹಾಗಾದರೆ ಹೊಸ ಮೇಲ್ಮೈಯಲ್ಲಿ ಸೇರಿದ ಶಕ್ತಿಯೆಲ್ಲವೂ ನಮ್ಮ ಕೈಯಿಂದಲೇ ಬಂದುದೇ? ಅಲ್ಲ. ಇದನ್ನು ಮೊದಲು ಲೆಕ್ಕ ಹಾಕಿ ತೋರಿಸಿದವರು, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್, ವರ್ಷ 1858. ದ್ರವ ಬಿಸಿಯಾದಂತೆ ಅದರ ಮೇಲ್ಮೈ ಎಳೆತ ತಗ್ಗುತ್ತದೆ. ಹೀಗೆ ತಗ್ಗುವ ದ್ರವವು ಹಿಗ್ಗುವಾಗ ಶಾಖವನ್ನೂ ಹೀರಲೇಬೇಕೆಂಬುದು ಉಷ್ಣಗತಿಶಾಸ್ತ್ರದ ನಿಯಮಗಳಿಂದ ಹೊರಡುವ ಫಲ. ಶುದ್ಧ ನೀರಿನ ಪೊರೆ ಚೌಕಟ್ಟಿನಲ್ಲಿ ನಿಲ್ಲದಾದರೂ ಲೆಕ್ಕಕ್ಕೆ ಅದೇ ಅನುಕೂಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಚದರ ಮೀಟರ್ ಮೇಲ್ಮೈಗೆ ಬೇಕಾದ ಕೆಲಸ 0.073 ಜೌಲ್. ಎಳೆತವು ಡಿಗ್ರಿಗೆ ಸುಮಾರು 0.00015ರಷ್ಟು ಇಳಿಯುತ್ತದೆ, ಇದನ್ನು ನಿರಪೇಕ್ಷ ಉಷ್ಣತೆಯಾದ 293ರಿಂದ ಗುಣಿಸಿದರೆ 0.044 ಜೌಲ್. ಹೀರಿದ ಶಾಖವೇ ಇದು. ಎರಡೂ ಕೂಡಿ 0.117 ಜೌಲ್, ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಶಕ್ತಿಯನ್ನು ಒದಗಿಸಿದುದು ನಾವಲ್ಲ, ದ್ರವವೂ ಅದರ ಸುತ್ತಣ ಗಾಳಿಯೂ!

ಹೊರಗಿನ ಶಾಖ ಬಂದು ಸೇರಲು ಎಡೆಗೊಡದಂತೆ ಥಟ್ಟನೆ ಎಳೆದರೆ ಪೊರೆ ತುಸು ತಣ್ಣಗಾಗುತ್ತದೆ. ರಬ್ಬರಿನ ಪಟ್ಟಿಯನ್ನು ಹಾಗೆಯೇ ಥಟ್ಟನೆ ಎಳೆದು ತುಟಿಗೆ ತಾಗಿಸಿ ನೋಡಿದರೆ, ಅದು ಬೆಚ್ಚಗಾಗಿರುವುದು ತಿಳಿಯುತ್ತದೆ.